ಅಕ್ಕಿ ಕೋಣೆಯ ಕೀಲಿಕೈ: ಮೂವರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಚಿಕ್ಕೋಡಿ ಸೀಮೆಯ, ಕೃಷ್ಣೆಯ ದಂಡೆಯ ಮೇಲಿರುವ ಒಂದು ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಈ ಪತ್ರ ಮೂರು ಮೇಜು ದಾಟಿ, ‘ಪರಿಶೀಲಿಸಿ ವರದಿ ಸಲ್ಲಿಸಿ’ ಎಂಬ ಷರಾ ಹೊತ್ತು ಅದೇ ಊರಿನ ತಲಾಠಿಯ (ಗ್ರಾಮ ಲೆಕ್ಕಿಗರ) ಕೈಗೆ ಬಂದು ಬೀಳುತ್ತದೆ. ಅವರಿಗೆ ಈಗಿರುವ ಕೆಲಸವೇ ಸಾಕಷ್ಟಿದೆ.

2005ರ ನೆರೆಯಲ್ಲಿ ನಾನು ಆ ಶಾಲೆಯ ಸಹಶಿಕ್ಷಕ. 2019ರಲ್ಲಿ ಮುಖ್ಯೋಪಾಧ್ಯಾಯ. 2021ರ ಹೊತ್ತಿಗೆ ನಿವೃತ್ತನಾಗಿ, ಶಾಲೆಯ ಕಟ್ಟೆಯ ಮೇಲೆ ಕುಳಿತು ನೋಡುವವನಾಗಿದ್ದೆ. ಮೂರು ಸಲವೂ ಹೊಳೆಸಾಲಿನ ಓಣಿಯ ಜನ ಬಂದು ಸೇರಿದ್ದು ಅಲ್ಲಿಗೇ. ಮೊದಲು ಅದನ್ನು ಗಂಜಿ ಕೇಂದ್ರ ಎಂದರು, ಆಮೇಲೆ ಪರಿಹಾರ ಕೇಂದ್ರ ಎಂದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಮೂರಾದವು, ಶೌಚಾಲಯ ಎರಡೇ ಉಳಿದವು. ಇರಲಿ. ನಾನು ಬರೆಯಹೊರಟಿರುವುದು ಒಂದು ಕೀಲಿಕೈಯ ಬಗ್ಗೆ.

2019ರ ಬೇಸಿಗೆ ನಿಮಗೆ ಕಡತಗಳಿಂದ ಗೊತ್ತಿರಬಹುದು. ಹೊಳೆ ಬತ್ತಿ, ಪಾತ್ರದ ಮರಳಿನ ಮೇಲೆ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕುಡಿಯುವುದಕ್ಕಾದರೂ ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ನಮ್ಮ ಸರಕಾರ ಮಹಾರಾಷ್ಟ್ರವನ್ನು ಕೇಳುತ್ತಿತ್ತು. ಮೇ ತಿಂಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ಟ್ಯಾಂಕರ್ ನಿಲ್ಲುತ್ತಿತ್ತು; ಆಗಸ್ಟಿನಲ್ಲಿ ಅದೇ ಜಾಗದಲ್ಲಿ ಬೋಟು ನಿಂತಿತು. ಕೃಷ್ಣೆ, ದೂಧಗಂಗಾ, ವೇದಗಂಗಾ, ಘಟಪ್ರಭಾ, ಮಲಪ್ರಭಾ ಎಲ್ಲವೂ ಒಟ್ಟಿಗೆ ಮೇಲೆದ್ದಿದ್ದವು. ಟ್ಯಾಂಕರ್ ಕಳಿಸುತ್ತಿದ್ದ ಆಡಳಿತ ಮೂರು ತಿಂಗಳೊಳಗೆ ಬೋಟು ಕಳಿಸುವ ಆಡಳಿತವಾಗಬೇಕಾಯಿತು. ಆಯಿತು ಕೂಡ. ಆ ದಿನಗಳಲ್ಲಿ ನಿದ್ದೆಗೆಟ್ಟ ಅಧಿಕಾರಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಋಣವನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಬರೆಯುತ್ತೇನೆ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನೀರು ಓಣಿಗೆ ನುಗ್ಗಿತು. ಮುನ್ನೂರರಷ್ಟು ಜನ, ಅವರ ಎಮ್ಮೆ, ಆಡು, ಕೋಳಿ, ಒಂದು ಹೊಲಿಗೆ ಯಂತ್ರ, ಮದುವೆಗೆಂದು ತಂದಿಟ್ಟಿದ್ದ ಎರಡು ಟ್ರಂಕು, ಎಲ್ಲವೂ ಶಾಲೆಯ ಅಂಗಳಕ್ಕೆ ಬಂದವು. ಬಿಸಿಯೂಟದ ಅಡುಗೆಯ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ‘ಗುರುಗಳೇ, ಅಕ್ಕಿ ಕೋಣೆಯ ಕೀಲಿಕೈ ಕೊಡಿರಿ’ ಎಂದರು. ಮೇಲಿನಿಂದ ಆದೇಶ ಬರಲಿ, ಬೆಳಿಗ್ಗೆ ನೋಡೋಣ ಎಂದೆ ನಾನು. ಅವರು ನನ್ನ ಮುಖವನ್ನೇ ನೋಡಿ, ‘ಆದೇಶ ಯಾವ ದಾರಿಯಿಂದ ಬರುತ್ತದೆ, ಗುರುಗಳೇ? ಸೇತುವೆ ಮುಳುಗಿದೆ’ ಎಂದರು.

ಕೀಲಿಕೈ ಕೊಟ್ಟೆ.

ಆ ರಾತ್ರಿಯಿಂದ ಸರಕಾರದ ದಿನಸಿ ಬರುವವರೆಗೆ ಮಕ್ಕಳ ಅಕ್ಕಿಯನ್ನೇ ಊರು ಉಂಡಿತು. ಲೆಕ್ಕವನ್ನು ನಾಲ್ಕನೆಯ ತರಗತಿಯ ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ. ಇವತ್ತು ಉಂಡವರು ಇಷ್ಟು, ಅಕ್ಕಿ ಇಷ್ಟು ಕಿಲೋ, ಬೇಳೆ ಇಷ್ಟು. ಎಲ್ಲರ ಕಣ್ಣೆದುರೇ ಇತ್ತು, ಒಬ್ಬರೂ ಜಗಳವಾಡಲಿಲ್ಲ. ನೀರಿಳಿದು ಶಾಲೆ ಮತ್ತೆ ತೆರೆದ ದಿನ ಬೆಳಿಗ್ಗೆ, ಹಲಗೆ ಒರೆಸುವ ಪಾಳಿ ಯಾವ ಹುಡುಗನದಿತ್ತೋ ಅವನು ತನ್ನ ಕರ್ತವ್ಯವನ್ನು ಚೆನ್ನಾಗಿ ಮಾಡಿದ.

ಐದು ತಿಂಗಳ ನಂತರ ನೋಟಿಸು ಬಂತು. ಮಕ್ಕಳ ಆಹಾರಧಾನ್ಯವನ್ನು ಪೂರ್ವಾನುಮತಿ ಇಲ್ಲದೆ ಅನ್ಯ ಉದ್ದೇಶಕ್ಕೆ ಬಳಸಿದ್ದೇಕೆ, ಏಳು ದಿನಗಳೊಳಗೆ ಉತ್ತರಿಸಿ ಎಂದು. ಯಾವ ಕಚೇರಿಯಿಂದ ಎಂದು ಬರೆಯುವುದಿಲ್ಲ, ಅದನ್ನು ಬೆರಳಚ್ಚು ಮಾಡಿದವರ ಮೇಲೆ ನನಗೆ ಸಿಟ್ಟೂ ಇಲ್ಲ. ಉತ್ತರದ ಜೊತೆಗೆ ಒಂದು ನಮೂನೆ ತುಂಬಬೇಕಿತ್ತು. ಬಿಸಿಯೂಟದ ಲೆಕ್ಕದಲ್ಲಿ ಇರುವುದು ಎರಡೇ ಅಂಕಣ: ಒಂದರಿಂದ ಐದನೆಯ ತರಗತಿಯ ಮಗುವಿಗೆ 100 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 150 ಗ್ರಾಂ. ಎಪ್ಪತ್ತು ದಾಟಿದ ಅಜ್ಜಿಯನ್ನು ಯಾವ ಅಂಕಣದಲ್ಲಿ ಬರೆಯಲಿ? ಬಾಣಂತಿಯನ್ನು? ದನಗಳನ್ನು ಬಿಟ್ಟು ಬರುವುದಿಲ್ಲವೆಂದು ಎರಡು ದಿನ ಮಾಳಿಗೆಯ ಮೇಲೆ ಕುಳಿತಿದ್ದು, ಮೂರನೆಯ ದಿನ ಬಂದು ಮೂವರ ಊಟ ಉಂಡ ಆ ಮನುಷ್ಯನನ್ನು? ನಿವೃತ್ತಿಯ ಹೊಸ್ತಿಲಲ್ಲಿದ್ದ ನನಗೆ ಪಿಂಚಣಿಯ ಭಯವಿತ್ತು. ಊರಿನ ಹಿರಿಯರನ್ನೆಲ್ಲ ಆರನೆಯ ತರಗತಿಗೆ ಸೇರಿಸಿದೆ. ಆರು ಪತ್ರಗಳ ನಂತರ ವಿಷಯ ತಣ್ಣಗಾಯಿತು. ದಂಡವೇನೂ ಬೀಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂದುಕೊಂಡೆ.

ಆಗಿತ್ತು. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ಅದು ಕಾಣಿಸಿತು. ನನ್ನ ನಂತರ ಬಂದ ಮುಖ್ಯೋಪಾಧ್ಯಾಯರು ನನಗಿಂತ ಚುರುಕಿನವರು, ಮರುಕವುಳ್ಳವರು. ಆದರೆ ಆ ಆರು ಪತ್ರಗಳ ಕಡತ ಅವರ ಕಪಾಟಿನಲ್ಲಿತ್ತು. ಅವರು ಅಕ್ಕಿ ಕೋಣೆಯನ್ನು ತೆರೆಯಲಿಲ್ಲ. ಫೋನು ಹಚ್ಚಿದರು, ಮತ್ತೆ ಹಚ್ಚಿದರು, ಲಿಖಿತ ಆದೇಶಕ್ಕೆ ಕಾದರು. ಕೊನೆಗೆ ಮಠದಿಂದ ಅನ್ನ ಬಂತು, ಆದೇಶ ಮರುದಿನ ಬಂತು. ಊರ ಜನ ಅವರನ್ನು ಬೈದರು. ನಾನು ಬೈಯಲಿಲ್ಲ. ನೋಟಿಸು ಬಂದದ್ದು ನನಗೆ, ಪಾಠ ಕಲಿತದ್ದು ಶಾಲೆ.

ಮಾನ್ಯರೇ, ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ನಾವು ಆಡಳಿತವನ್ನು ‘ಯಂತ್ರ’ ಎಂದು ಕರೆಯುತ್ತೇವೆ. ಸರಕಾರಿ ಯಂತ್ರ ಚುರುಕಾಗಬೇಕು, ಯಂತ್ರಕ್ಕೆ ತುಕ್ಕು ಹಿಡಿದಿದೆ ಎಂದು ಪತ್ರಿಕೆಗಳೂ ಬರೆಯುತ್ತವೆ. ಪಂಪ್‌ಸೆಟ್ಟಿಗೆ ನೀವು ನೋಟಿಸು ಕೊಟ್ಟರೆ ಅದೇನೂ ಅಂದುಕೊಳ್ಳುವುದಿಲ್ಲ, ಮುಂದಿನ ವರ್ಷವೂ ಹಾಗೆಯೇ ನೀರೆತ್ತುತ್ತದೆ. ಮನುಷ್ಯರು ಸೇರಿ ಆದ ಸಂಸ್ಥೆ ಹಾಗಲ್ಲ. ಅದು ನೋವನ್ನು ನೆನಪಿಡುತ್ತದೆ, ಒಮ್ಮೆ ಸುಟ್ಟುಕೊಂಡ ಕಡೆಗೆ ಮತ್ತೆ ಕೈ ಚಾಚುವುದಿಲ್ಲ. ನೆರೆಯಿಂದ ಶಾಲೆ ಕಲಿಯಬೇಕಾದದ್ದು ಒಂದು, ನೋಟಿಸಿನಿಂದ ಕಲಿತದ್ದು ಇನ್ನೊಂದು, ಎರಡನೆಯದೇ ಗೆದ್ದಿತು.

ಇನ್ನೊಂದು ವಿಷಯವನ್ನು ಮನೆಯಲ್ಲೇ ನೋಡಬಹುದು. ರೊಟ್ಟಿ ಬೇಯಿಸುವಾಗ ಬೆರಳು ಕಾದ ಹಂಚಿಗೆ ತಾಗಿದರೆ ಕೈ ತಟ್ಟನೆ ಹಿಂದಕ್ಕೆ ಬರುತ್ತದೆ. ಆ ನಿರ್ಧಾರವನ್ನು ಮಿದುಳು ಮಾಡುವುದಿಲ್ಲ, ಬೆನ್ನುಹುರಿಯೇ ಮಾಡಿ ಮುಗಿಸುತ್ತದೆ. ಮಿದುಳಿಗೆ ನೋವಿನ ಸುದ್ದಿ ತಲುಪುವುದು ಆಮೇಲೆ. ತನ್ನನ್ನು ಕೇಳದೆ ಕೈ ಎತ್ತಿದ್ದೇಕೆ ಎಂದು ಮಿದುಳು ಬೆನ್ನುಹುರಿಗೆ ಇದುವರೆಗೆ ನೋಟಿಸು ಕೊಟ್ಟಂತಿಲ್ಲ.

ಹಳ್ಳಿಯ ಮೇಷ್ಟ್ರು ದೊಡ್ಡ ಮಾತು ಆಡುತ್ತಿದ್ದಾನೆ ಎನ್ನಬೇಡಿರಿ, ಓದಿದವರೂ ಇದನ್ನೇ ಹೇಳಿದ್ದಾರೆ. ರಾಸ್ ಆ್ಯಶ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು 1950ರ ದಶಕದಲ್ಲಿ ಒಂದು ನಿಯಮ ಹೇಳಿದರು. ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಗಂಡಾಂತರ ನೂರು ಬಗೆಯಾಗಿ ಬರುವಾಗ ನಿಮ್ಮ ಬಳಿ ಹತ್ತೇ ಬಗೆಯ ಉತ್ತರವಿದ್ದರೆ ತೊಂಬತ್ತು ಸಲ ಸೋಲುತ್ತೀರಿ. ಎರಡು ಅಂಕಣದ ನಮೂನೆ ಹಿಡಿದು ಅಜ್ಜಿಯ ಮುಂದೆ ನಿಂತಾಗ ನನಗೆ ಆದದ್ದು ಅದೇ. ಟಾಮ್ ಬರ್ನ್ಸ್ ಮತ್ತು ಸ್ಟಾಕರ್ ಎಂಬಿಬ್ಬರು ಎರಡನೆಯ ಮಹಾಯುದ್ಧದ ನಂತರ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಇಳಿದ ಸ್ಕಾಟ್ಲೆಂಡಿನ ಕಾರ್ಖಾನೆಗಳನ್ನು ಹತ್ತಿರದಿಂದ ನೋಡಿ, 1961ರಲ್ಲಿ ತಾವು ಕಂಡದ್ದನ್ನು ಬರೆದರು. ಹೊರಗಿನ ಲೋಕ ನಿಶ್ಚಿತವಾಗಿದ್ದರೆ ಮೇಲಿನಿಂದ ಕೆಳಕ್ಕೆ ಆಜ್ಞೆ ಇಳಿಯುವ ಯಂತ್ರದಂಥ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಲೋಕ ದಿನಕ್ಕೊಂದು ರೂಪ ತಾಳುವಾಗ ಅದು ತಡವರಿಸುತ್ತದೆ. ತಿಳಿದವನು ಎಲ್ಲಿದ್ದಾನೋ ಅಲ್ಲೇ ತೀರ್ಮಾನವಾಗುವ, ಜೀವಿಯಂಥ ವ್ಯವಸ್ಥೆ ಉಳಿದುಕೊಳ್ಳುತ್ತದೆ. ಎರಡರಲ್ಲಿ ಯಾವುದೊಂದೂ ಸದಾಕಾಲಕ್ಕೆ ಮೇಲಲ್ಲ ಎಂದೂ ಅವರು ಹೇಳಿದರು. ಈ ಕೊನೆಯ ಮಾತನ್ನು ಮರೆಯಬಾರದು. ಆಲಮಟ್ಟಿಯ 26 ಗೇಟುಗಳನ್ನು ಯಾರೋ ಒಬ್ಬರು ತಮಗೆ ತೋಚಿದಂತೆ ಎತ್ತುವುದು ನನಗೆ ಖಂಡಿತ ಬೇಡ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಎಂದರೆ 519.60 ಮೀಟರೇ. 123 ಟಿಎಂಸಿ ನೀರನ್ನು ಎದೆಯ ಮೇಲೆ ಹೊತ್ತ ಅಣೆಕಟ್ಟಿಗೆ ಯಂತ್ರದ ಶಿಸ್ತೇ ಇರಬೇಕು. ಪಹಣಿಗೂ ಹಾಗೆಯೇ, ಖಜಾನೆಗೂ ಹಾಗೆಯೇ. ರಾತ್ರಿ ಹನ್ನೊಂದರ ಅಕ್ಕಿ ಕೋಣೆಗೆ ಆ ಶಿಸ್ತು ಹೊಂದುವುದಿಲ್ಲ.

ಜೀವಿಗೆ ಇಂದ್ರಿಯಗಳಿರುತ್ತವೆ. ನಮ್ಮ ಹೊಳೆಸಾಲಿನ ಇಂದ್ರಿಯಗಳು ಯಾವುವು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅವು ಯಾವ ಕಡತದಲ್ಲೂ ಇಲ್ಲ.

ನಿಮ್ಮ ಪ್ರಕಟಣೆಯಲ್ಲಿ ‘ಇಷ್ಟು ಲಕ್ಷ ಕ್ಯೂಸೆಕ್ ಒಳಹರಿವು’ ಎಂದಿರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ನಾನು ಮಕ್ಕಳಿಗೆ ಲೆಕ್ಕ ಮಾಡಿಸಿದ್ದೇನೆ. ಆದರೂ ಆ ಸಂಖ್ಯೆ ಕೇಳಿದ ಯಾರೂ ಹಾಸಿಗೆ ಮಡಿಸುವುದಿಲ್ಲ. ಊರು ಎಚ್ಚರಗೊಳ್ಳುವ ಬಗೆ ಬೇರೆ. ಮೊದಲು ಹೊಳೆಯ ದಂಡೆಯ ರೈತರು ಪಂಪ್‌ಸೆಟ್ಟು ಎತ್ತುತ್ತಾರೆ. ಮೋಟರು ಹೊತ್ತ ಟ್ರ್ಯಾಕ್ಟರು ಊರೊಳಗೆ ಬಂತೆಂದರೆ ಹೆಂಗಸರು ಜೋಳದ ಚೀಲವನ್ನು ಅಟ್ಟಕ್ಕೆ ಏರಿಸುತ್ತಾರೆ. ಅಷ್ಟರಲ್ಲಿ ಕೊಲ್ಲಾಪುರದ ಬೀಗರ ಫೋನು ಬರುತ್ತದೆ. ಗಡಿ ನಕಾಶೆಯಲ್ಲಿದೆ, ನಮ್ಮ ಮದುವೆಗಳಲ್ಲಿ ಇಲ್ಲ. ಅಲ್ಲಿಯ ರಾಜಾರಾಮ ಬಂಧಾರದಲ್ಲಿ (ಅಡ್ಡಗಟ್ಟೆಯಲ್ಲಿ) ಪಂಚಗಂಗಾ ನದಿ 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿ ದಾಟಿದರೆ ಅಪಾಯ. ಈ ಎರಡು ಅಂಕಿಗಳು ನಮ್ಮೂರಿನ ಅಕ್ಷರ ಬಾರದ ಮುದುಕರಿಗೂ ಬಾಯಿಪಾಠ. ಆಮೇಲೆ ನರಸೋಬಾವಾಡಿಯ ಸುದ್ದಿ. ಪಂಚಗಂಗೆ ಕೃಷ್ಣೆಯನ್ನು ಕೂಡುವ ಆ ಕ್ಷೇತ್ರದಲ್ಲಿ ನೀರು ದತ್ತನ ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ದಕ್ಷಿಣದ್ವಾರ ಎನ್ನುತ್ತಾರೆ. ಭಕ್ತರು ಆ ನೀರಿನಲ್ಲಿ ಮಿಂದು ಪುಣ್ಯ ಪಡೆಯುತ್ತಾರೆ. ಕೆಳಗಿನ ದಂಡೆಯವರಾದ ನಾವು ದತ್ತನಿಗೆ ಕೈಮುಗಿದು ದನ ಬಿಚ್ಚುತ್ತೇವೆ. ಅದರ ಹಿಂದೆಯೇ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭಿವಶಿ ಎಂದು ಸೇತುವೆಗಳು ಒಂದೊಂದಾಗಿ ಮುಳುಗಿದ ಸುದ್ದಿ ಬರುತ್ತದೆ. ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪಿದರೆ, ಈ ಸಲ ನೀರು ಬೇರೆ ಕಡೆಯಿಂದ ಬರುತ್ತಿದೆ ಎಂದು ಹಿರಿಯರು ಊಹಿಸುತ್ತಾರೆ.

ಈ ಜಾಲವನ್ನು ಯಾವ ಇಲಾಖೆಯೂ ಕಟ್ಟಲಿಲ್ಲ. ಇದಕ್ಕೆ ಅಧ್ಯಕ್ಷರಿಲ್ಲ, ಅನುದಾನವಿಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ನಮ್ಮ ಮುಖ್ಯಮಂತ್ರಿಯವರೊಂದಿಗೆ ನೆರೆಯ ಕಾಲದ ಹೊಂದಾಣಿಕೆಯ ಬಗ್ಗೆ ಮಾತನಾಡಿದಾಗ ನಮಗೆಲ್ಲ ಸಂತೋಷವಾಯಿತು. ಬೀಗರು ಬಹಳ ವರ್ಷಗಳಿಂದ ಮಾಡುತ್ತಿದ್ದುದನ್ನು ಎರಡು ಸರಕಾರಗಳೂ ಮಾಡಹೊರಟವಲ್ಲ ಎಂದು. ಆದರೆ ಆ ಮಾಹಿತಿ ಅಣೆಕಟ್ಟಿನಿಂದ ಅಣೆಕಟ್ಟಿಗೆ ಹೋಗುತ್ತದೆ. ಊರಿನಿಂದ ನಿಮ್ಮ ಮೇಜಿಗೆ ಮೇಲಕ್ಕೆ ಹೋಗುವ ದಾರಿ ಯಾವುದು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೆಯ ಕಲಮು ಅದಕ್ಕೊಂದು ಬಾಗಿಲು ಇಟ್ಟಿತ್ತು. ಜಿಲ್ಲಾ ಪ್ರಾಧಿಕಾರಕ್ಕೆ ನೀವು ಅಧ್ಯಕ್ಷರು, ಜನರಿಂದ ಆಯ್ಕೆಯಾದ ಸ್ಥಳೀಯ ಸಂಸ್ಥೆಯ ಪ್ರತಿನಿಧಿ ಸಹ-ಅಧ್ಯಕ್ಷರು. ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಳೇ ಕಳೆದರೂ ಚುನಾವಣೆ ನಡೆಯಲಿಲ್ಲ. ಆ ಕುರ್ಚಿ ಖಾಲಿಯಾದದ್ದು ನಿಮ್ಮ ತಪ್ಪಲ್ಲ. ಆದರೆ ಖಾಲಿ ಕುರ್ಚಿ ಸುದ್ದಿ ಹೇಳುವುದಿಲ್ಲ.

ವಿಜಯಪುರದವರು, ಇದು ಕೃಷ್ಣೆಯ ಮೇಲ್ದಂಡೆಯ ಕಥೆ ಎಂದು ಪುಟ ತಿರುವದಿರಲಿ. 2020ರಲ್ಲಿ ಎಲ್ಲರ ಕಣ್ಣು ಜುಲೈ-ಆಗಸ್ಟಿನ ಕೃಷ್ಣೆಯ ಮೇಲಿತ್ತು. ನೆರೆ ಬಂದದ್ದು ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ಉಜ್ಜನಿ ಜಲಾಶಯದ ನೀರು ಹೊತ್ತ ಭೀಮೆಯಲ್ಲಿ. ಅದೂ ಕೊರೊನಾದ ಕಾಲ. ದೂರ ದೂರ ನಿಲ್ಲಿರಿ ಎನ್ನುವ ಸರಕಾರವೇ ಎಲ್ಲರನ್ನೂ ಒಂದೇ ಕೋಣೆಗೆ ಕರೆಯಬೇಕಾಯಿತು. ಇಂಥದನ್ನು ಯಾವ ಯೋಜನೆಯೂ ಮೊದಲೇ ಬರೆದಿಡಲಾರದು. ಬಾಗಲಕೋಟೆಯವರಿಗೆ ಇನ್ನೊಂದು ವಿಷಯ ಗೊತ್ತಿದೆ. ಮಣ್ಣಿನ ಮನೆ ನೀರು ನಿಂತಾಗಲೇ ಬೀಳಬೇಕೆಂದಿಲ್ಲ, ಎಷ್ಟೋ ಸಲ ನೀರಿಳಿದು, ಬಿಸಿಲು ಬಿದ್ದು, ಗೋಡೆ ಒಣಗುವಾಗ ಬಿರಿದು ಬೀಳುತ್ತದೆ. ಅಷ್ಟರಲ್ಲಿ ಸರ್ವೆ ಮುಗಿದಿರುತ್ತದೆ. ‘ಭಾಗಶಃ ಹಾನಿ’ ಎಂದು ಬರೆಸಿಕೊಂಡ ಮನೆ ಮರುವಾರ ಪೂರ್ತಿ ಮಲಗುತ್ತದೆ.

ಊರಿನ ಕೈಗೆ ಅಧಿಕಾರ ಕೊಟ್ಟರೆ ಅದು ಊರಿನ ದೊಡ್ಡವರ ಕೈಗೆ ಹೋಗುತ್ತದೆ ಎಂದು ನೀವು ಹೇಳಬಹುದು. ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮೂರಲ್ಲಿ ಎರಡು ಪಕ್ಷಗಳಿವೆ, ಮೇಲೋಣಿ ಕೆಳಗೋಣಿ ಎಂಬ ಭೇದವಿದೆ, ಮೊದಲ ಎರಡು ದಿನ ಕೆಲವರು ಬೇರೆ ಪಂಕ್ತಿ ಕೇಳಿದ್ದೂ ಉಂಟು. ಅಡುಗೆಯ ಅವ್ವ ಸೌಟು ಕೆಳಗಿಟ್ಟು, ಬೇರೆ ಪಂಕ್ತಿ ಬೇಕಾದವರು ಬೇರೆ ಒಲೆ ಹೂಡಿಕೊಳ್ಳಲಿ ಎಂದ ಮೇಲೆ ಆ ಮಾತು ನಿಂತಿತು. ಊರನ್ನು ನಂಬಿ ಕಣ್ಣು ಮುಚ್ಚಿರಿ ಎಂದು ನಾನು ಕೇಳುತ್ತಿಲ್ಲ. ಕಪ್ಪುಹಲಗೆಯ ಮೇಲೆ ಎಲ್ಲರೆದುರು ಬರೆದ ಲೆಕ್ಕವನ್ನು ಸುಳ್ಳು ಮಾಡುವುದು, ಕಪಾಟಿನಲ್ಲಿರುವ ಲೆಕ್ಕವನ್ನು ಸುಳ್ಳು ಮಾಡುವುದಕ್ಕಿಂತ ಬಹಳ ಕಷ್ಟ. ನನ್ನದು ಇಷ್ಟೇ ವಾದ.

ಈ ಸೀಮೆಯ ಜನ ಸೇರಿ ಏನು ಮಾಡಬಲ್ಲರು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಜಮಖಂಡಿಯ ಹತ್ತಿರ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಮಣ್ಣು ಕಲ್ಲು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. (ಎರಡು ವರ್ಷಗಳ ನಂತರ ಅದೇ ‘ಬ್ಯಾರೇಜು ಸಿದ್ದು’ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದನ್ನು ನಮ್ಮ ಕಡೆ ಈಗಲೂ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ.) ಹೊಳೆಗೆ ಅಡ್ಡಗಟ್ಟೆ ಕಟ್ಟಿದವರ ಮಕ್ಕಳಿಗೆ ಎರಡು ಕ್ವಿಂಟಲ್ ಅಕ್ಕಿಯ ಕೋಣೆಯನ್ನು ನಂಬಿ ಕೊಡಲಾಗದೇ?

ನನ್ನ ಬೇಡಿಕೆ ದೊಡ್ಡದಲ್ಲ. ಮಳೆಗಾಲಕ್ಕೆ ಮುಂಚೆ, ಮೇ ಮುಗಿಯುವುದರೊಳಗೆ, ಹೊಳೆಸಾಲಿನ ಪ್ರತಿ ಊರಿಗೂ ಒಂದು ಮುಂಗಡ ಆದೇಶ ಕೊಡಿರಿ. ಊರವರೇ ಗ್ರಾಮಸಭೆಯಲ್ಲಿ ಒಂದು ಗುರುತನ್ನು ಆರಿಸಲಿ. ನಮ್ಮೂರಿಗಾದರೆ ಅದು ಹನುಮಪ್ಪನ ಗುಡಿಯ ಎರಡನೆಯ ಮೆಟ್ಟಿಲು. ನೀರು ಆ ಗುರುತನ್ನು ಮುಟ್ಟಿದ ಗಳಿಗೆಯಿಂದ ಮುಖ್ಯೋಪಾಧ್ಯಾಯರು, ತಲಾಠಿ, ಅಡುಗೆಯವರು, ಆಶಾ ಕಾರ್ಯಕರ್ತೆ, ಇವರಲ್ಲಿ ಯಾರು ಮೊದಲು ಅಲ್ಲಿದ್ದಾರೋ ಅವರು ಶಾಲೆಯನ್ನೂ ಅಕ್ಕಿ ಕೋಣೆಯನ್ನೂ ತೆರೆಯಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದು ಆ ಆದೇಶದಲ್ಲಿ ಬರೆದಿರಲಿ. ಮಕ್ಕಳ ಅಕ್ಕಿಯನ್ನು ಆಮೇಲೆ ಯಾವ ಲೆಕ್ಕದಿಂದ ತುಂಬಿಕೊಡುವುದು ಎಂಬುದನ್ನು ನಿಮ್ಮ ಕಚೇರಿಗಳು ಬೇಸಿಗೆಯಲ್ಲೇ ಬಗೆಹರಿಸಿಕೊಳ್ಳಲಿ. ಲೆಕ್ಕ ಹಲಗೆಯ ಮೇಲಿರಲಿ, ಬೇರೆ ಬೇರೆ ಓಣಿಯ ಇಬ್ಬರು ದಿನವೂ ಅದರ ಫೋಟೋ ತೆಗೆದಿಡಲಿ. (ಹಲಗೆ ಒರೆಸುವ ಹುಡುಗನ ಕರ್ತವ್ಯನಿಷ್ಠೆಗೆ ಇದೊಂದೇ ಮದ್ದು.) ತಪಾಸಣೆ ಐದು ತಿಂಗಳ ನಂತರ ಅಂಚೆಯಲ್ಲಿ ಬರುವುದು ಬೇಡ, ಶಾಲೆ ತೆರೆದ ಹದಿನೈದು ದಿನಗಳೊಳಗೆ ಗ್ರಾಮಸಭೆಯಲ್ಲೇ ಆಗಲಿ. ಕದ್ದವರು ಸಿಕ್ಕರೆ ಶಿಕ್ಷಿಸಿರಿ, ನಾನೇ ಸಾಕ್ಷಿ ಹೇಳುತ್ತೇನೆ.

ಇದರ ಜೊತೆಗೆ ಒಂದು ವಹಿ ಬೇಕು. ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ತಲಾಠಿಗೂ ಆಗುತ್ತದೆ. 2019ರಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರು, ಯಾರ ಕಬ್ಬಿನ ಗದ್ದೆಯ ಬದಿಯಿಂದ ಬೋಟು ಸುಲಭವಾಗಿ ಬಂತು, ದನಗಳನ್ನು ಯಾವ ದಿಬ್ಬದ ಮೇಲೆ ಕಟ್ಟಿದೆವು, ಯಾರು ಬರಲು ಒಪ್ಪಲಿಲ್ಲ, ಕೊನೆಗೆ ಯಾರ ಮಾತು ಕೇಳಿ ಒಪ್ಪಿದರು, ಇವೆಲ್ಲ ಆಗಿನ ತಲಾಠಿಗೆ ಗೊತ್ತಿದ್ದವು. ಅವರೀಗ ಬೇರೆ ತಾಲ್ಲೂಕಿನಲ್ಲಿದ್ದಾರೆ. ಆ ವಹಿ ಶಾಲೆಯಲ್ಲೇ ಉಳಿಯಲಿ, ಪ್ರತಿ ಜೂನ್‌ನಲ್ಲಿ ಒಮ್ಮೆ ಗಟ್ಟಿಯಾಗಿ ಓದಲಿ, ತಪ್ಪಿದ್ದರೆ ಜನ ಅಲ್ಲೇ ತಿದ್ದಲಿ. ಕಾಯ್ದೆಯ 31ನೆಯ ಕಲಮು ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎನ್ನುತ್ತದೆ. ಪರಿಷ್ಕರಿಸಲು ಕುಳಿತಾಗ ಅಂಥ ಹತ್ತು ವಹಿಗಳನ್ನು ತರಿಸಿಕೊಂಡು ಓದಿರಿ. ಕಾಗುಣಿತದ ತಪ್ಪುಗಳಿಗೆ ಈಗಲೇ ಕ್ಷಮೆ ಕೇಳುತ್ತೇನೆ, ಅವರೆಲ್ಲ ನನ್ನ ಶಿಷ್ಯರೇ.

ಈ ಪತ್ರವನ್ನು ಮುಗಿಸುವ ಮುಂಚೆ ನಿನ್ನೆ ಸಂಜೆ ಶಾಲೆಯ ಕಡೆಗೆ ಹೋಗಿದ್ದೆ. ಆ ಅಡುಗೆಯ ಅವ್ವನಿಗೆ ಈಗ ಕಣ್ಣು ಮಂಜಾಗಿದೆ, ಅವರ ಸೊಸೆ ಕೆಲಸಕ್ಕೆ ಬರುತ್ತಾಳೆ. ಪಾತ್ರೆ ತೊಳೆಯುತ್ತಿದ್ದವಳನ್ನು, ‘ತಂಗಿ, ಈ ಸಲ ನೀರು ಬಂದರೆ ಕೋಣೆ ತೆರೆಯುತ್ತೀಯಾ?’ ಎಂದು ಕೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ, ‘ಕೀಲಿಕೈ ನನ್ನ ಬಳಿ ಎಲ್ಲಿದೆ, ಗುರುಗಳೇ? ಸರ್ ತಮ್ಮ ಜೊತೆಗೇ ಒಯ್ಯುತ್ತಾರೆ. ಇವತ್ತು ತಾಲ್ಲೂಕಿಗೆ ಮೀಟಿಂಗಿಗೆ ಹೋಗಿದ್ದಾರೆ’ ಎಂದಳು.

ತಾಲ್ಲೂಕಿಗೆ ಹೋಗಬೇಕಾದರೆ ಆ ಸೇತುವೆಯನ್ನೇ ದಾಟಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ
ಚಿಕ್ಕೋಡಿ ಸೀಮೆ, ಬೆಳಗಾವಿ ಜಿಲ್ಲೆ